ಮಾಳಿಗೆಯ ಮೇಲಿನ ಹಳೇ ಮಣ್ಣು

ನನ್ನ ಎರಡು ನಿಮಿಷದ ಮಾತಿನ ತೂಕ ಎಷ್ಟು ಅಂತ ಹೋದ ವಾರ ಸುರೇಬಾನದಲ್ಲಿ ನೋಡಿ ಬಂದೆ. ಹನ್ನೊಂದು ಟ್ರೇಲರ್ ಮಣ್ಣು.

ಬಿಡಿಸಿ ಹೇಳುತ್ತೇನೆ.

ಸುರೇಬಾನದಲ್ಲಿ ನನ್ನ ದೊಡ್ಡಪ್ಪನ ಮಗ ವಾಸಣ್ಣ ಇದ್ದಾನೆ. ಬಸ್ ಸ್ಟ್ಯಾಂಡ್ ಎದುರಿಗೆ ಝೆರಾಕ್ಸ್ ಅಂಗಡಿ. ಹೆಂಡತಿ ಸುಧಾ ವೈನಿ ಮನೆಯ ಪಡಸಾಲೆಯಲ್ಲೇ ಮಷಿನ್ ಇಟ್ಟುಕೊಂಡು ಜಂಪರ್ ಹೊಲಿಯುತ್ತಾರೆ. (ಹೊಲಿಯುತ್ತಿದ್ದರು. ಈ ತಿದ್ದುಪಡಿ ನನಗಿನ್ನೂ ರೂಢಿಯಾಗಿಲ್ಲ.) ಸುತ್ತಲಿನ ನಾಲ್ಕೂರಿನ ಹೆಣ್ಣುಮಕ್ಕಳು ರವಿಕೆಯ ಖಣ ಹಿಡಿದುಕೊಂಡು ಅವರನ್ನೇ ಹುಡುಕಿ ಬರುತ್ತಿದ್ದರು. ಒಮ್ಮೆ ಅಳತೆ ತೆಗೆದುಕೊಂಡರೆ ಎರಡನೇ ಸಲ ಕೇಳುವ ಮಾತಿಲ್ಲ, ಅಂಥ ಕೈ.

ಅವರದು ಮಾಳಿಗೆ ಮನೆ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ಮಣ್ಣು. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಮೇಲೊಂದು ಪದರ ಹೊಸ ಮಣ್ಣು ಹಾಕಿ, ತುಳಿದು, ಬಡಿದು ಗಟ್ಟಿ ಮಾಡಬೇಕು. ಅಜ್ಜ ಹಾಕಿದ, ದೊಡ್ಡಪ್ಪ ಹಾಕಿದ, ವಾಸಣ್ಣ ಹಾಕಿದ. ಹಾಕುವುದು ಎಲ್ಲರಿಗೂ ಗೊತ್ತು. ತೆಗೆಯುವುದು? ಅದನ್ನು ಯಾರೂ ಯಾರಿಗೂ ಕಲಿಸಲಿಲ್ಲ. ಗೇಣು ದಪ್ಪ ಇದ್ದದ್ದು ಮೊಳ ಮೀರಿತ್ತು.

ಮೂರು ವರ್ಷದ ಹಿಂದೆ ಆ ಮಾಳಿಗೆ ಸೋರತೊಡಗಿತು. ಎಷ್ಟು ಮಣ್ಣು ಹಾಕಿದರೂ ನಿಲ್ಲಲಿಲ್ಲ. ಇನ್ನು ಇದರ ತಂಟೆಯೇ ಬೇಡ, ಮೇಲೆ ಪತ್ರಾ ಹಾಕಿಸಿಬಿಡೋಣ ಅಂತ ವಾಸಣ್ಣ ನಿರ್ಧರಿಸಿದ. ಗೋಡೆಯ ಮೇಲೆ ಕಬ್ಬಿಣದ ಪೈಪು, ಪೈಪಿನ ಮೇಲೆ ತಗಡಿನ ಶೀಟು. ಈಗ ಊರ ತುಂಬ ಅದೇ ನಡೆದಿದೆ.

ಕೆಲಸಕ್ಕೆ ಬಂದವನು ಗೌಂಡಿ ರಾಜೇಸಾಬ. ಅವನ ಅಪ್ಪನೇ ಆ ಮನೆಯ ಗೋಡೆ ಕಟ್ಟಿದವನು. ಮಾಳಿಗೆ ಹತ್ತಿ, ಒಂದು ಕಬ್ಬಿಣದ ಸಳಿ ಚುಚ್ಚಿ ನೋಡಿ ಇಳಿದು ಬಂದವನೇ, "ಅಣ್ಣಾರ, ಮೊದಲ ಈ ಹಳೇ ಮಣ್ಣ ಪೂರಾ ಇಳಸ್ರಿ. ಜಂತಿ ಹೆಂಗ ಅದಾವು ನೋಡೂಣು. ಆಮ್ಯಾಲ ಪತ್ರಾದ ಮಾತು" ಅಂದನಂತೆ.

ವಾಸಣ್ಣನಿಗೆ ಟೆನ್ಷನ್ ಶುರುವಾಯಿತು. ಮಣ್ಣು ಇಳಿಸಲು ಹತ್ತು ದಿನ. ಅಷ್ಟೂ ದಿನ ಮನೆ ಬಯಲು. ಮಳೆ ಬಾಗಿಲಲ್ಲಿ ನಿಂತಿದೆ. ಇಷ್ಟೆಲ್ಲ ಧೂಳಿನಲ್ಲಿ ಸಾಮಾನು ಎಲ್ಲಿಡುವುದು? ಮೇಲಾಗಿ ಅಜ್ಜ, ಅಪ್ಪ ಹಾಕಿದ ಮಣ್ಣು. ಯಾರನ್ನಾದರೂ ಕೇಳೋಣ ಅಂತ ಬೈಲಹೊಂಗಲಕ್ಕೆ, ನನಗೆ ಫೋನ್ ಮಾಡಿದ.

"ತಮ್ಮಾ, ರಾಜೇಸಾಬ ಹಳೇ ಮಣ್ಣು ತಗಸ್ರಿ ಅಂತಾನ. ತಗಸಬೇಕೋ, ಬ್ಯಾಡೋ? ನೀ ಏನಂತಿ?"

ನಾನು ಆಗ ಏನು ಮಾಡುತ್ತಿದ್ದೆ ಗೊತ್ತೇ? ಇದೇ ಅಂಕಣ ಬರೆಯುತ್ತಿದ್ದೆ. ಡೆಡ್‌ಲೈನ್ ತಲೆಯ ಮೇಲಿತ್ತು. ಫೋನನ್ನು ಸ್ಪೀಕರ್‌ಗೆ ಹಾಕಿ, ಟೈಪ್ ಮಾಡುತ್ತಲೇ ಹೇಳಿದೆ: "ಇರಲಿ ಬಿಡೋ ವಾಸಣ್ಣ. ಮಣ್ಣು ಬ್ಯಾಸಗಿಗೆ ತಂಪು. ಸುಮ್ನ ಮ್ಯಾಲ ಪತ್ರಾ ಹಾಕಿಸಿಬಿಡು."

ಮಾಳಿಗೆಯ ಬಗ್ಗೆ ನನಗೆ ಗೊತ್ತಿರುವುದೇನು? ಏನೂ ಇಲ್ಲ. ನಾನಿರುವುದು ಸ್ಲ್ಯಾಬ್ ಹಾಕಿದ ಬಾಡಿಗೆ ಮನೆಯಲ್ಲಿ. ಜಂತಿಗೆ ಯಾವ ಕಟ್ಟಿಗೆ ಬಳಸುತ್ತಾರೆ ಅಂತ ಕೇಳಿದರೆ ಇವತ್ತಿಗೂ ತಡಬಡಿಸುತ್ತೇನೆ. ಆದರೆ 'ನನಗೆ ಗೊತ್ತಿಲ್ಲ' ಅನ್ನುವ ಮಾತು ನನ್ನ ಬಾಯಿಗೆ ಬರುವುದೇ ಇಲ್ಲ. ವಾರಕ್ಕೊಂದು ಅಭಿಪ್ರಾಯ ಬರೆದು ಬರೆದು ಬಿದ್ದ ಚಟ. ಕೇಳಿದವರಿಗೆಲ್ಲ ಒಂದು ಅಡ್ವೈಸ್ ಕೊಟ್ಟು ಕಳಿಸಿದರೇ ಸಮಾಧಾನ.

ಪತ್ರಾ ಬಂತು. ಸೋರುವುದು ನಿಂತಿತು. ಆ ಮಳೆಗಾಲದಲ್ಲಿ ವಾಸಣ್ಣ ಮತ್ತೆ ಫೋನ್ ಮಾಡಿ, "ನಿನ್ನ ಮಾತು ಕೇಳಿದ್ದು ಛಲೋ ಆತು ನೋಡು" ಅಂದ. ನಾನು ಉಬ್ಬಿಹೋದೆ. (ಹೌದು, ನಿಜವಾಗಿಯೂ ಉಬ್ಬಿದ್ದೆ. ಮುಚ್ಚಿಡುವುದೇನು?)

ಸೋರುವ ಮಾಳಿಗೆಗೆ ಒಂದು ಗುಣವಿತ್ತು. ವರ್ಷಕ್ಕೊಮ್ಮೆಯಾದರೂ ಯಾರೋ ಒಬ್ಬರು ಮೇಲೆ ಹತ್ತಿ ನೋಡುತ್ತಿದ್ದರು. ಇಲ್ಲಿ ತಗ್ಗು ಬಿದ್ದಿದೆ, ಅಲ್ಲಿ ಗೆದ್ದಲು ಹಿಡಿದಿದೆ ಅಂತ ತಿಳಿಯುತ್ತಿತ್ತು. ಪತ್ರಾ ಬಂದ ಮೇಲೆ ಯಾರು ಹತ್ತುತ್ತಾರೆ? ಕತ್ತಲಲ್ಲಿ ಗೆದ್ದಲು ನಿಶ್ಚಿಂತೆಯಿಂದ ಜಂತಿ ತಿಂದವು. ಎರಡು ವರ್ಷಕ್ಕೂ ಮೀರಿ ತಿಂದವು.

ಎರಡು ತಿಂಗಳ ಹಿಂದೆ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಪಡಸಾಲೆಯ ಜಂತಿ ಮುರಿದವು. ಮೊಳ ದಪ್ಪದ ಮಣ್ಣು ಹೆಂಟೆ ಹೆಂಟೆಯಾಗಿ ಕೆಳಗೆ ಬಂತು. ಕೆಳಗೆ ಸುಧಾ ವೈನಿ ಕೂತಿದ್ದರು. ತಲೆಗೆ ಮಷಿನ್ ಅಡ್ಡ ಬಂತು, ಜೀವ ಉಳಿಯಿತು. ಬಲಗೈ ಮಷಿನ್ ಮತ್ತು ಮುರಿದ ಜಂತಿಯ ನಡುವೆ ಸಿಕ್ಕಿತು. ಬೆಳಗಾವಿಗೆ ಒಯ್ದರು. ಮಣಿಕಟ್ಟಿನವರೆಗೆ ತೆಗೆಯದೆ ಬೇರೆ ದಾರಿಯಿಲ್ಲ ಅಂದರು ಡಾಕ್ಟರು.

ಮೇಲಿನ ಹೊಸ ಪತ್ರಾಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಹೋದ ವಾರ ಉಳಿದ ಮಣ್ಣನ್ನು ಇಳಿಸುತ್ತಿದ್ದರು. ನಾನು ಹೋಗಿ ಅಂಗಳದಲ್ಲಿ ನಿಂತೆ. ಬುಟ್ಟಿ ಬುಟ್ಟಿ ಮಣ್ಣು ಕೆಳಗೆ ಬರುತ್ತಲೇ ಇತ್ತು. ಮೇಲೆ ಕತ್ತರಿಸಿದ ಜಾಗದಲ್ಲಿ ಪದರಗಳು ಕಾಣುತ್ತಿದ್ದವು. ಕಪ್ಪು, ಬೂದು, ಮತ್ತೆ ಕಪ್ಪು. ನಡುವೆ ಒಂದು ಹರಿದ ಪ್ಲಾಸ್ಟಿಕ್ ಹಾಳೆ, ಯಾವ ಮಗುವಿನದೋ ಒಂದು ಗೋಲಿ. ನಾವು ಉಳಿದ ವಿಷಯಗಳಲ್ಲೂ ಹೀಗೇ ಅಲ್ಲವೇ? ಹಳೆಯದನ್ನು ಬಿಚ್ಚಿ ನೋಡುವ ಧೈರ್ಯವಿಲ್ಲ. ಮೇಲೊಂದು ಹೊಸದನ್ನು ಹೊದಿಸಿ, ಸರಿಹೋಯಿತು ಅನ್ನುತ್ತೇವೆ.

ರಾಜೇಸಾಬ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ನಿಂತ. "ಅವತ್ತ ನಾ ಇನ್ನಷ್ಟ ಗಟ್ಟಿಯಾಗಿ ಹೇಳಬೇಕಿತ್ರಿ. ಮಣ್ಣ ತಗೀಲಿಲ್ಲಂದ್ರ ಕೆಲಸಾನ ಮಾಡೂದಿಲ್ಲ ಅನ್ನಬೇಕಿತ್ತು" ಅಂದ. ಇಡೀ ಪ್ರಕರಣದಲ್ಲಿ ಸರಿಯಾದ ಮಾತು ಆಡಿದ ಗಂಡಸು ಅವನೊಬ್ಬ. ಅವನು ತಪ್ಪು ಒಪ್ಪಿಕೊಳ್ಳುತ್ತಿದ್ದ. ನಾನು ಟ್ರೇಲರ್ ಎಣಿಸುತ್ತಿದ್ದೆ.

ವಾಸಣ್ಣ ಬೈದಿದ್ದರೆ ಹಗುರಾಗುತ್ತಿತ್ತೇನೋ. "ಚಹಾ ಕುಡದು ಹೋಗು" ಅಂದ, ಅಷ್ಟೇ.

ಅದೇ ಓಣಿಯಲ್ಲಿ ಎರಡು ಖೋಲಿ ಬಾಡಿಗೆ ಹಿಡಿದಿದ್ದಾರೆ. ಅಲ್ಲಿ ವೈನಿ ಒಂದು ಗಂಟು ಕಟ್ಟುತ್ತಿದ್ದರು. ಎಡಗೈಯಿಂದ ಬಟ್ಟೆಯ ಒಂದು ತುದಿ, ಇನ್ನೊಂದು ಹಲ್ಲಿನಿಂದ. ನಾನು ಹಿಡಿಯಲು ಹೋದೆ. ತಲೆ ಅಲ್ಲಾಡಿಸಿ ಬೇಡ ಅಂದರು. ಒಳಗಿದ್ದದ್ದು ಒಂದು ಖಣದ ಜಂಪರ್. ಒಂದು ತೋಳು ಮುಗಿದಿತ್ತು, ಇನ್ನೊಂದು ಇರಲಿಲ್ಲ.

"ಮುನವಳ್ಳಿ ಊರಿನವರದು. ಹೋಗೋ ದಾರಿಯೊಳಗ ಕೊಟ್ಟುಬಿಡ್ರಿ. ಬ್ಯಾರೆ ಯಾರ ಕಡೆಯಿಂದಾದ್ರೂ ಮುಗಿಸಿಕೊಳ್ಳಲಿ."

ಗಂಟು ತೆಗೆದುಕೊಂಡೆ. ಎರಡು ತಿಂಗಳಿಂದ ಗಂಟಲಲ್ಲಿದ್ದ ಮಾತು ಆಗ ಹೊರಗೆ ಬಂತು: "ತಪ್ಪಾತು ವೈನಿ. ನಾ ಹಂಗ ಹೇಳಬಾರದಿತ್ತು. ನಮಗ್ಯಾರಿಗೂ ಗೊತ್ತಾಗಲಿಲ್ಲ."

"ನನಗ ಗೊತ್ತಿತ್ತಲ್ಲ" ಅಂದರು ವೈನಿ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಹೊಲಿಯೋ ಅರಿವಿ ಮ್ಯಾಲ ದಿನಾ ಜಂತಿ ಹುಡಿ ಉದರತಿತ್ತು. ಪತ್ರಾ ಹಾಕೋಕಿಂತ ಮೊದಲೂ ಉದರತಿತ್ತು, ಆಮ್ಯಾಲೂ ಉದರತಿತ್ತು. ಝಾಡಿಸಿ ಝಾಡಿಸಿ ಹೊಲೀತಿದ್ದೆ."

"ಮತ್ತ ವಾಸಣ್ಣಗ ಹೇಳಲಿಲ್ಲೇನು?"

"ಹೇಳಿದೆ. ನೀವು ಫೋನಿನ್ಯಾಗ ಮಾತಾಡಿದ ದಿನಾನೇ ಹೇಳಿದೆ, ರಾಜೇಸಾಬ ಹೇಳೋದು ಖರೇ ಅದ, ಮಣ್ಣು ತಗಸ್ರಿ ಅಂತ. 'ಪೇಪರಿನ್ಯಾಗ ಬರಿಯೋ ತಮ್ಮನೇ ಬ್ಯಾಡ ಅಂದಾನ, ನಿನಗೇನು ತಿಳೀತದ' ಅಂದ್ರು."

ನಾನು ಚಹಾ ಕುಡಿಯದೆ ಎದ್ದು ಬಂದೆ.

ಈ ವಾರ ನನ್ನಲ್ಲಿ ಸಲಹೆ ಯಾವುದೂ ಇಲ್ಲ. ಒಂದು ಪ್ರಶ್ನೆ ಮಾತ್ರ ಇದೆ: ನಿಮ್ಮ ಮನೆಯ ಸೂರಿನ ಕೆಳಗೆ ಇಡೀ ದಿನ ಕೂರುವವರು ಏನು ಹೇಳಿದ್ದರು, ನೆನಪಿದೆಯೇ?