ಅತ್ತೆಯ ಸಸಿಮಡಿ

ದುಮ್ಮವಾಡದ ನಮ್ಮ ಓಣಿಯಲ್ಲಿ ಬದನೆ ಸಸಿಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ನಮ್ಮತ್ತೆಯ ಸಸಿಮಡಿಯಿಂದಲೇ ಎಲ್ಲರ ಹಿತ್ತಲಿಗೂ ಹೋಗುತ್ತಿತ್ತು. ಬೇರು ನೋಯಬಾರದೆಂದು ಅವರು ಒಂದೊಂದನ್ನೂ ಹಿಡಿ ಮಣ್ಣಿನ ಸಮೇತ ಎತ್ತಿ ಕೊಡುತ್ತಿದ್ದರು. ಸೊಸೆಯಾದ ನನ್ನ ಬಗ್ಗೆ ಇರದಿದ್ದ ಹೆಮ್ಮೆ ಅವರಿಗೆ ಆ ಮಡಿಯ ಬಗ್ಗೆ ಇತ್ತು.

ಹೋದ ವರ್ಷ ಸಸಿಗಳು ಯಾಕೋ ಹಳದಿಯಾಗಿದ್ದವು. ಒಂದನ್ನು ಕಿತ್ತರೆ ಬೇರಿನ ತುಂಬ ಸಣ್ಣ ಗಂಟು. ಹಂಚುವುದೋ ಬೇಡವೋ ಎಂದು ಅತ್ತೆ ಅನುಮಾನಿಸಿದರು.

“ಶೇಂಗಾದ ಬೇರಿನ್ಯಾಗೂ ಗಂಟ ಇರ್ತಾವಲ್ರಿ ಅತ್ತಿ, ಅದು ಛಲೋನ,” ಎಂದೆ. ಪಿಯುಸಿಯಲ್ಲಿ ವಿಜ್ಞಾನ ಓದಿದ ಜಂಬ ನನಗೆ. ಅತ್ತೆ ನಂಬಿ ಹಂಚಿಬಿಟ್ಟರು.

ಎರಡು ತಿಂಗಳಲ್ಲಿ ಐದು ಮನೆಗಳ ಬದನೆ ಬಾಡಿ ನಿಂತಿತು. “ಇನ್ನ ಮುಂದ ನಿಮ್ಮ ಬದನಿ ಅಗಿ ಬ್ಯಾಡ್ರಿ ನಮಗ,” ಎಂದು ಪಕ್ಕದ ಮನೆಯಾಕೆ ಬೇಲಿಯಾಚೆಯಿಂದಲೇ ಹೇಳಿದರು. ಅತ್ತೆ ಅವತ್ತು ಉಣ್ಣಲಿಲ್ಲ. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು, ಅದೂ ನನ್ನ ಮೇಲೆಯೇ.

ಬಾಡಿದ ಗಿಡದ ಬೇರು ಕಟ್ಟಿಕೊಂಡು ಕೃಷಿ ಕೇಂದ್ರಕ್ಕೆ ಹೋಗಿ, ಶೇಂಗಾದ ಮಾತನ್ನೂ ಹೇಳಿದೆ. ಅಲ್ಲಿದ್ದ ಹುಡುಗಿ ಗಂಟನ್ನು ಉಗುರಿನಿಂದ ಕೆರೆದಳು. “ಶೇಂಗಾದ ಗಂಟಾದ್ರ ಉದುರತೈತ್ರಿ. ಇದು ಉದುರಂಗಿಲ್ಲ, ಬೇರ ತಾನ ಬಾತೈತಿ. ಒಳಗ ಕಣ್ಣಿಗೆ ಕಾಣದ ಜಂತುಹುಳ ಅದಾವು, ಮಣ್ಣಿನ ಜೋಡಿ ಹೋಗತಾವು.” ಮಡಿಯಲ್ಲಿ ಆ ಹುಳಕ್ಕೆ ಆಗದ ಚೆಂಡುಹೂ ಬೆಳೆದು ಗಿಡವನ್ನು ಅಲ್ಲೇ ಮಣ್ಣಿಗೆ ಸೇರಿಸಲು, ಬೇವಿನ ಹಿಂಡಿ ಹಾಕಲು ಹೇಳಿದಳು. ಹುಳದ ತತ್ತಿ ತಿನ್ನುವ ಬೂಷ್ಟಿನ ಪುಡಿಯನ್ನೂ ಕೊಟ್ಟಳು, ತಿಪ್ಪೆಗೊಬ್ಬರದಲ್ಲಿ ಕಲಸಲು.

ಮನೆಗೆ ಬಂದು ಎಲ್ಲ ಹೇಳಿದೆ.

“ಅಂದ್ರ ಹುಳಾ ನಾನ ಹಂಚೇನಿ,” ಎಂದರು ಅತ್ತೆ.

“ನಾನ ಹಂಚಸೇನ್ರಿ.”

ಅತ್ತೆ ಪುಡಿಯ ಪೊಟ್ಟಣ ಬಿಚ್ಚಿ ನೋಡಿ, “ರೊಟ್ಟಿಗೆ ಬೂಷ್ಟ ಬಂದ್ರ ಚೆಲ್ಲತೀವಿ. ಈಕಿ ಬಸ್ ಹತ್ತಿ ಹೋಗಿ ಬೂಷ್ಟ ತಂದಾಳ!” ಎಂದರು. ಬೈಗುಳವೇ ಆದರೂ ನನಗೆ ಜೀವ ಬಂದಂತಾಯಿತು.

ಇಬ್ಬರೂ ಐದೂ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು. ಗಿಡ ಕಿತ್ತು ಸುಟ್ಟು, ಚೆಂಡುಹೂವಿನ ಬೀಜ ಕೊಟ್ಟೆವು. ಪಕ್ಕದಾಕೆ ಬೀಜ ಇಸಿದುಕೊಂಡು ಬಾಗಿಲು ಹಾಕಿಕೊಂಡರು.

ಹಿತ್ತಲ ಮೂಲೆಯಲ್ಲಿ ಗಿಡ ಕಿತ್ತರೆ ಬೇರಿನಲ್ಲಿ ಈಗಲೂ ಒಂದೊಂದು ಗಂಟು ಸಿಗುತ್ತದೆ. ಆದರೆ ಹುಡುಗಿ ಹೇಳಿದಂತೆ ಹದ ಮಾಡಿದ ಮಡಿಯಲ್ಲಿ ಈ ಮಳೆಗಾಲ ಸಸಿ ಎಲ್ಲಿ ಕಿತ್ತರೂ ಬೇರು ಬೆಳ್ಳಗಿತ್ತು. ಹಾಗಿದ್ದರೂ ಅತ್ತೆ ಯಾರನ್ನೂ ಕರೆಯಲಿಲ್ಲ.

ಒಂದು ಸಂಜೆ ಪಕ್ಕದಾಕೆ ತಾವೇ ಬಂದು ಸೆರಗು ಒಡ್ಡಿದರು. “ಹಾಕ್ರಿ ಒಂದ್ ಹತ್ತು.”

“ಮೊದಲ ಬೇರ ನೋಡ್ರಿ,” ಅತ್ತೆ ಗದರಿದರು.

ಆಕೆ ಒಂದು ಸಸಿ ಎತ್ತಿ, ಬೆಳಕಿಗೆ ಹಿಡಿದು, ಬೇರನ್ನೆಲ್ಲ ಬಿಡಿಸಿ ನೋಡಿದರು. “ನನ್ನ ತಂಗಿಗೂ ಬೇಕಾಗಿದ್ವು. ಇಪ್ಪತ್ತು ಹಾಕ್ರಿ,” ಎಂದರು.