ಡಬ್ಬಿ ಎದೂಲಿಯಾ ಮತ್ತು ಅಜ್ಜನ ಬಾಗಿಲು

ಫಿಲಿದೋರ್ ಕಾರ್ಕಮೊ ಹಾಯಿದೋಣಿಯಲ್ಲಿ ಕಡಲು ದಾಟಿ ಹೋಗಿ, ಬೆಟ್ಟದ ಮೇಲಿನ ಆಲೆರ್ಸೆ ಮರ ಕಡಿದು, ಹಲಗೆ ಸೀಳಿ, ಬೆನ್ನ ಮೇಲೆ ಹೊತ್ತು ತಂದವನು. ಆ ಹಲಗೆಗಳಿಂದ ಮನೆ ಕಟ್ಟಿದ. ದಡಕ್ಕೆ ಬಂದು ಬಿದ್ದಿದ್ದ ಒಡಕು ಹಡಗಿನ ಕಬ್ಬಿಣ ಕಾಯಿಸಿ ಬಡಿದು ಮುಂಬಾಗಿಲಿಗೆ ಎರಡು ಕೀಲು ಮಾಡಿದ. ಬಾಗಿಲನ್ನು ತಾನೇ ಎತ್ತಿ ಕೂರಿಸಿದ. ಅವನ ಮಗ ಬೌದಿಲಿಯೊ, ದೊಡ್ಡ ಭೂಕಂಪದಲ್ಲಿ ಮನೆ ಸೊಟ್ಟಗಾದಾಗ, ಅದೇ ಬಾಗಿಲನ್ನು ಇಳಿಸಿ, ಚೌಕಟ್ಟು ನೆಟ್ಟಗೆ ಮಾಡಿ, ಮತ್ತೆ ತಾನೇ ಕೂರಿಸಿದ. ಕೈ ಹಚ್ಚಲು ಬಂದ ಸ್ವಂತ ತಮ್ಮನನ್ನೇ ಬೈದು ಅಟ್ಟಿದನಂತೆ. ಬೌದಿಲಿಯೊನ ಹೆಂಡತಿ ನತಿವಿದಾದ್, ಭೂಕಂಪದ ಮಾರನೆಯ ದಿನ ಕಬ್ಬಿಣದ ಒಲೆಗೆ ಬೆಂಕಿ ಹಾಕಿದಳು. ಆ ಬೆಂಕಿ ಆರಿದ್ದನ್ನು ನಮ್ಮೂರಿನಲ್ಲಿ ಯಾರೂ ನೋಡಿರಲಿಲ್ಲ.

ಇವರ ಮಗಳು ಎದೂಲಿಯಾ ಕಾರ್ಕಮೊ. ಮದುವೆಯಾಗಲಿಲ್ಲ. ಇಳಿತದ ಹೊತ್ತಿನಲ್ಲಿ ಕಡಲಪಾಚಿ ಹೆರಕಿದಳು, ಆಲೂಗಡ್ಡೆ ಬೆಳೆದಳು, ಹೆಬ್ಬಾತು ಸಾಕಿದಳು, ಯಾರ ಮನೆಯ ಮುಂದೂ ಕೈ ಚಾಚಿ ನಿಲ್ಲಲಿಲ್ಲ. ಚಿಲೊಯೆ ದ್ವೀಪದ ನಮ್ಮ ದಂಡೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಡಬ್ಬಿ ಎದೂಲಿಯಾ ಎಂದು.

ಡಬ್ಬಿ ಎಂದರೆ ಸ್ಪ್ರೇ ಎಣ್ಣೆಯ ಡಬ್ಬಿ. ತುಕ್ಕು ಬಿಡಿಸಲು ಗಂಡಸರು ದೋಣಿಯ ಇಂಜಿನ್ನಿಗೆ ಹೊಡೆಯುತ್ತಾರಲ್ಲ, ಮೂತಿಗೆ ಕೆಂಪು ಕೊಳವೆ ಸಿಕ್ಕಿಸಿದ್ದು, ಅದೇ. ಅವಳ ಅಣ್ಣ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ದೋಣಿ ಮಾತ್ರ ಬಂತು. ಅದರೊಳಗೆ ಒಂದು ಜೊತೆ ಬೂಟು, ಒಂದು ಚಾಕು, ಅರ್ಧ ತುಂಬಿದ ಈ ಡಬ್ಬಿ. ಬೂಟನ್ನೂ ಚಾಕುವನ್ನೂ ಅಣ್ಣನ ಮಗ ಲಿಸಾಂದ್ರೊನಿಗೆ ಎತ್ತಿಟ್ಟಳು. ಡಬ್ಬಿಯನ್ನು ತಾನಿಟ್ಟುಕೊಂಡಳು. ಅದು ಮುಗಿದ ಮೇಲೆ ಪೇಟೆಯಿಂದ ಇನ್ನೊಂದು ತಂದಳು. ಉಪ್ಪುಗಾಳಿ ಬೀಸುವ ಊರಿನಲ್ಲಿ ತುಕ್ಕಿಗೆ ಬಿಡುವೆಂಬುದಿಲ್ಲ. ಎದೂಲಿಯಾ ಅದರ ಮೇಲೆ ಸೊಂಟ ಕಟ್ಟಿ ನಿಂತಳು.

ಮೊದಲು ಗುದ್ದಲಿಗೆ ಹೊಡೆದಳು. ನಮ್ಮ ಮಣ್ಣು ಮಳೆಗಾಲದಲ್ಲಿ ಹಿಟ್ಟಿನ ಹಾಗೆ ಅಂಟುತ್ತದೆ, ನಾಲ್ಕು ಬಾರಿ ಅಗೆದರೆ ಗುದ್ದಲಿಯೇ ಎತ್ತಲು ಬಾರದು. ಪಕ್ಕದ ಹೊಲದ ಸುನಿಲ್ದಾ ಬೇಲಿಯ ಮೇಲೆ ಮೊಣಕೈ ಊರಿ ನಕ್ಕಳು.

"ಏನೇ ಇದು, ಗುದ್ದಲಿಗೆ ಸೆಂಟು ಹಾಕ್ತಿದ್ದೀಯ? ಆಲೂಗಡ್ಡೆಗೇನು ಮದುವೇನಾ?"

"ನಗು ನಗು. ಸಾಯಂಕಾಲ ನೀನೇ ಬರ್ತೀಯ ಕೇಳ್ಕೊಂಡು."

ಸುನಿಲ್ದಾ ಸಾಯಂಕಾಲದವರೆಗೂ ಕಾಯಲಿಲ್ಲ. ಎದೂಲಿಯಾಳ ಗುದ್ದಲಿಯಿಂದ ಮಣ್ಣು ತಾನಾಗಿ ಜಾರಿ ಬೀಳುವುದನ್ನು ನೋಡಿ, ಮಧ್ಯಾಹ್ನಕ್ಕೇ ತನ್ನ ಗುದ್ದಲಿ ಹಿಡಿದುಕೊಂಡು ಬೇಲಿ ಹಾರಿ ಬಂದಳು.

ಅಲ್ಲಿಂದ ಊರಿನವರು ತಮ್ಮ ತಾಪತ್ರಯಗಳನ್ನೆಲ್ಲ ಹೊತ್ತು ಅವಳ ಬಾಗಿಲಿಗೆ ಬರತೊಡಗಿದರು. ಒಂದರೊಳಗೊಂದು ಸಿಕ್ಕಿಕೊಂಡ ಗಾಜಿನ ಲೋಟಗಳು ಬಂದವು. ಸಂದಿಗೆ ಒಂದು ಹನಿ ಬಿಟ್ಟು ಕಾದಳು, ಎರಡೂ ಒಡೆಯದೆ ಬೇರೆಯಾದವು. ಸೌದೆ ಸೀಳಿ ಅಂಟು ಮೆತ್ತಿದ ಕೈಗಳು, ಹಲ್ಲು ಕಚ್ಚಿದ ಜಿಪ್ಪು, ಡಾಂಬರು ಹತ್ತಿದ ಬೂಟು ಬಂದವು. ಲಿಸಾಂದ್ರೊ ಚಿಕ್ಕವನಿದ್ದಾಗ ಚರ್ಚಿನ ಮೊದಲ ಪ್ರಸಾದದ ಹಿಂದಿನ ದಿನ ತಲೆತುಂಬ ಚ್ಯೂಯಿಂಗ್ ಗಮ್ ಮೆತ್ತಿಕೊಂಡು ಬಂದಿದ್ದ. ಅವನಮ್ಮ ಕತ್ತರಿ ಹಿಡಿದು ಅಳುತ್ತಿದ್ದಳು. ಎದೂಲಿಯಾ ಕತ್ತರಿ ಕಿತ್ತುಕೊಂಡು, ಬಟ್ಟೆಗೆ ಎಣ್ಣೆ ಹೊಡೆದು, ಎಳೆ ಎಳೆಯಾಗಿ ಒರೆಸಿ ತೆಗೆದು, ಮೂರು ಸಲ ಸೋಪು ಹಚ್ಚಿ ತೊಳೆದಳು. ಪಾದ್ರಿಯ ಮುಂದೆ ಹುಡುಗ ಇಂಜಿನ್ ವಾಸನೆ ಹೊಡೆಯುತ್ತ ನಿಂತ. ಕೂದಲು ಮಾತ್ರ ಒಂದೂ ಹೋಗಿರಲಿಲ್ಲ.

ಸುನಿಲ್ದಾಳ ಬೆರಳು ಊದಿ ಉಂಗುರ ಸಿಕ್ಕಿಕೊಂಡಾಗ, ಆಸ್ಪತ್ರೆಯಲ್ಲಿ ಉಂಗುರ ಕತ್ತರಿಸಬೇಕು ಎಂದಿದ್ದರು. ಎದೂಲಿಯಾ ಬೆರಳಿಗೆ ಎಣ್ಣೆ ಬಿಟ್ಟು, ದಾರ ಸುತ್ತಿ, ಸುತ್ತುತ್ತ ಸುತ್ತುತ್ತ ಹೊರಗೆ ತಂದಳು.

"ಗಂಡ ಬಿಟ್ಟರೂ ಉಂಗುರ ಬಿಡಲಿಲ್ಲ ನೋಡು," ಎಂದಳು ಸುನಿಲ್ದಾ, ಬೆರಳು ನೀವಿಕೊಳ್ಳುತ್ತ.

"ಗಂಡನಿಗೂ ಒಂದು ಹನಿ ಬಿಟ್ಟಿದ್ರೆ ಇನ್ನೂ ಬೇಗ ಹೋಗಿರ್ತಿದ್ದ."

ಎದೂಲಿಯಾ ಎಲ್ಲದಕ್ಕೂ ಒಪ್ಪುವವಳಲ್ಲ. ದೋನ್ ಆರ್ಸೆನಿಯೊ, ನಮ್ಮೂರಿನಲ್ಲಿ ಎತ್ತುಗಳ ಮಾತು ಬಲ್ಲ ಮುದುಕ, ಒಂದು ದಿನ ಪ್ಯಾಂಟು ಮಡಿಸಿ ಮಂಡಿ ತೋರಿಸಿ ಕುಳಿತ.

"ಇದೂ ಕೀಲೇ ತಾನೆ? ಕಿರ್ರ್ ಅಂತದೆ. ಎರಡು ಸಲ ಹೊಡಿ ಎದೂಲಿಯಾ."

"ನೀವೇನು ಗೇಟಾ ದೋನ್ ಆರ್ಸೆನಿಯೊ? ಚರ್ಮ ಸುಟ್ಟುಹೋಗತ್ತೆ. ಮಡಚ್ಕೊಂಡು ಡಾಕ್ಟರ ಹತ್ರ ಹೋಗಿ."

ಆದರೆ ಅವಳೂ ಒಂದು ಸಲ ಎಡವಿದಳು. ನಮ್ಮವರು ಮಾತ್ರ ಎಡವುವ ಎಡವಟ್ಟು ಅದು. ನಮ್ಮ ಮನೆಗಳಲ್ಲಿ ಒಲೆ ಎಂದೂ ಆರುವುದಿಲ್ಲವಾದ್ದರಿಂದ ಅದು ಬೆಂಕಿ ಎಂಬುದೇ ಮರೆತುಹೋಗುತ್ತದೆ. ಮನೆಯಲ್ಲಿ ಇನ್ನೊಬ್ಬ ಹಿರಿಯಳು ಕುಳಿತಿರುವ ಹಾಗೆ ಇರುತ್ತದೆ. ಒಲೆಯ ಬಾಗಿಲು ಕಿರುಗುಟ್ಟುತ್ತಿದೆ ಎಂದು ಎದೂಲಿಯಾ ಅದಕ್ಕೂ ಡಬ್ಬಿ ಒತ್ತಿದಳು. ಭಗ್ ಎಂದು ಜ್ವಾಲೆ ಮುಖಕ್ಕೆ ಬಂತು. ಮುಖ ಉಳಿಯಿತು, ಹುಬ್ಬು ಉಳಿಯಲಿಲ್ಲ. ಆ ಚಳಿಗಾಲವೆಲ್ಲ ಏನೋ ಕೇಳಿ ಬೆಚ್ಚಿಬಿದ್ದವಳ ಹಾಗೆ ಕಾಣುತ್ತಿದ್ದಳು. ಬೆಂಕಿ ಇದ್ದಲ್ಲಿ ಡಬ್ಬಿ ಇಲ್ಲ ಎಂದು ಅವತ್ತೇ ತೀರ್ಮಾನ ಮಾಡಿದಳು. ಈ ತೀರ್ಮಾನವೇ ಮುಂದೆ ಅವಳಿಗೆ ಅಡ್ಡ ಬಂತು, ಅದೇ ಕೈಯನ್ನೂ ಹಿಡಿಯಿತು.

ಕಡಲು ಅವಳ ಮನೆಯ ಕೆಳಗಿನ ದಿಬ್ಬವನ್ನು ತಿನ್ನುತ್ತ ಬಂದಿತ್ತು. ಒಂದು ಬಿರುಗಾಳಿಗೆ ಬೇಲಿ ಹೋಯಿತು. ಮುಂದಿನದಕ್ಕೆ ಹೆಬ್ಬಾತಿನ ಗೂಡು ಹೋಯಿತು. ಮನೆ ಬಿಟ್ಟು ಹೋಗು ಎಂದು ಹಲವರು ಹೇಳಿದರು, ಎದೂಲಿಯಾ ಬಿಡಲಿಲ್ಲ. ತನ್ನದೇ ಆದ ಮೇಲಿನ ಹೊಲಕ್ಕೆ ಮನೆಯನ್ನೇ ಒಯ್ಯುವುದೆಂದು ಗಟ್ಟಿಮಾಡಿದಳು. ನಮ್ಮಲ್ಲಿ ಮನೆಗಳು ಮರದವು. ಕೆಳಗೆ ದಿಮ್ಮಿ ಕೊಟ್ಟು, ಎತ್ತು ಕಟ್ಟಿ, ಊರೆಲ್ಲ ಸೇರಿ ಎಳೆದರೆ ಮನೆ ನಡೆದುಕೊಂಡು ಹೋಗುತ್ತದೆ. ಇಂಥ ಮುಯ್ಯಾಳಿನ ಕೆಲಸಕ್ಕೆ ಮಿಂಗಾ ಎನ್ನುತ್ತೇವೆ. ಕೂಲಿ ಇಲ್ಲ, ಹೊಟ್ಟೆ ತುಂಬ ಊಟ, ನಾಳೆ ಅವರು ಕರೆದರೆ ಇವರು ಹೋಗಬೇಕು, ಅಷ್ಟೇ. ಆದರೆ ಕರೆಯುವವರು ಮನೆಮನೆಗೆ ತಾವೇ ಹೋಗಿ ಬಾಯಿಬಿಟ್ಟು ಕೇಳಬೇಕು. ಎದೂಲಿಯಾ ಒಳ್ಳೆಯ ಶಾಲು ಹೊದ್ದು, ಎಲ್ಲ ಮನೆಗೂ ಹೋಗಿ ಕೇಳಿದಳು. ಎಲ್ಲರೂ ಬರುತ್ತೇವೆ ಎಂದರು.

ಎಳೆಸುವ ಯಜಮಾನಿಕೆ ದೋನ್ ಆರ್ಸೆನಿಯೊನದು. ಅವನು ಬಂದು ಮನೆ ಸುತ್ತಿ, ಮಂಡಿ ನೀವಿಕೊಂಡು ಹೇಳಿದ:

"ಶನಿವಾರ ಎಳೀತೀನಿ. ಅಷ್ಟರೊಳಗೆ ಕಿಟಕಿ ಬಾಗಿಲು ಒಂದೂ ಇರಕೂಡದು. ಎಳೆಯೋವಾಗ ಮನೆ ತಿರುಚ್ಕೊಳ್ಳತ್ತೆ, ಬಾಗಿಲು ಇದ್ರೆ ಸೀಳಿಹೋಗತ್ತೆ. ಒಂದು ಬಾಗಿಲು ನಿಂತಿದ್ರೂ ನಾನು ಎತ್ತು ಕಟ್ಟಲ್ಲ."

"ಇರಲ್ಲ ಬಿಡಿ," ಎಂದಳು.

ಕಿಟಕಿಗಳು ಕಳಚಿ ಬಂದವು. ಒಳಬಾಗಿಲುಗಳು ಬಂದವು. ತಿರುಪು ತಿರುಪಿಗೂ ಕೆಂಪು ಕೊಳವೆ ಇಟ್ಟು, ಒಂದು ರಾತ್ರಿ ನೆನೆಯಲು ಬಿಟ್ಟು, ಬೆಳಿಗ್ಗೆ ಬಿಚ್ಚಿದಳು. ಮುಂಬಾಗಿಲಿನ ಮೇಲಿನ ಕೀಲೂ ಬಿಟ್ಟುಕೊಟ್ಟಿತು. ಉಳಿದದ್ದು ಕೆಳಗಿನ ಕೀಲು. ಒಲೆಗೆ ಒಂದೇ ಮೊಳ ದೂರದಲ್ಲಿದ್ದ ಕೀಲು ಅದು. ವರ್ಷಗಟ್ಟಲೆ ಹೊಗೆ, ಜಿಡ್ಡು, ಉಪ್ಪು ಕುಡಿದು, ಒಲೆಯ ಕಾವಿಗೆ ಬೆಂದು, ಕೀಲೂ ಅದರೊಳಗಿನ ಕಡ್ಡಿಯೂ ಒಂದೇ ಕಬ್ಬಿಣವಾಗಿಬಿಟ್ಟಿದ್ದವು. ಕೀಲನ್ನೇ ಹಲಗೆಯಿಂದ ಕೀಳೋಣವೆಂದರೆ ಅಜ್ಜ ಮೊಳೆಗಳನ್ನು ಆಚೆ ಬದಿಗೆ ಮಡಿಸಿ ಬಡಿದಿದ್ದ. ಕಿತ್ತರೆ ಹಲಗೆ ಸೀಳುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು. ಜಪ್ಪಯ್ಯ ಎಂದರೂ ಕಡ್ಡಿ ಮಿಸುಕಲಿಲ್ಲ. ಎಣ್ಣೆ ಬಿಡೋಣವೆಂದರೆ ಪಕ್ಕದಲ್ಲೇ ಬೆಂಕಿ. ಬಟ್ಟೆಗೆ ಹೀರಿಸಿ ಅದ್ದಿ ಅದ್ದಿ ಹಚ್ಚಿದಳು. ಕಾವಿಗೆ ಎಣ್ಣೆ ಒಳಗೆ ಇಳಿಯುವ ಮೊದಲೇ ಆರಿಹೋಗುತ್ತಿತ್ತು.

ಗುರುವಾರ ಲಿಸಾಂದ್ರೊ ಬಂದ. ಈಗ ಅವನು ಎತ್ತರದ ಆಳು, ದೋಣಿ ಕಟ್ಟುವ ಕೆಲಸದವನು. ಕೈಯಲ್ಲಿ ಕಟಿಂಗ್ ಮಷಿನ್.

"ಅತ್ತೇ, ಆಚೆ ನಿಲ್ಲು. ಕಡ್ಡೀನ ಎರಡು ತುಂಡು ಮಾಡ್ಬಿಡ್ತೀನಿ. ಹೊಸಾ ಕೀಲು ಪೇಟೇಲಿ ಬೇಕಾದಷ್ಟು ಸಿಗತ್ತೆ."

"ಅದನ್ನ ಕೆಳಗಿಡು."

"ಹಳೇ ತುಕ್ಕು ಕಬ್ಬಿಣ ಅತ್ತೆ ಅದು!"

"ನಿನ್ನ ಮುತ್ತಾತ ಬಡಿದ ಕಬ್ಬಿಣ. ನಿನ್ನ ತಾತ ಇಳಿಸಿ ಮತ್ತೆ ಹಾಕಿದ ಕಬ್ಬಿಣ. ಇಬ್ಬರ ಕೈಯಲ್ಲೂ ತುಂಡಾಗಲಿಲ್ಲ, ನನ್ನ ಕೈಯಲ್ಲಿ ತುಂಡಾಗ್ಬೇಕಾ?"

"ಶನಿವಾರ ಊರೆಲ್ಲ ಬಂದು ನಿಲ್ಲತ್ತೆ. ದೋನ್ ಆರ್ಸೆನಿಯೊ ಎತ್ತು ಹೊಡ್ಕೊಂಡು ವಾಪಸ್ ಹೋಗ್ತಾನೆ. ಇನ್ನೊಂದು ಬಿರುಗಾಳಿ ಬಂದ್ರೆ ಕೀಲೂ ಇರಲ್ಲ, ಮನೇನೂ ಇರಲ್ಲ. ಆಗೇನ್ಮಾಡ್ತೀಯ?"

ಎದೂಲಿಯಾ ಕೀಲಿನ ಮುಂದೆ ಮಂಡಿಯೂರಿ ಕುಳಿತಿದ್ದಳು. ಅವನ ಮಾತು ನಿಜ ಎಂದು ಅವಳಿಗೆ ಗೊತ್ತಿತ್ತು. ಮಷಿನ್ನಿನ ಕಡೆ ನೋಡಿದಳು, ಕೀಲಿನ ಕಡೆ ನೋಡಿದಳು, ಆಮೇಲೆ ಒಲೆಯ ಕಡೆ ನೋಡಿದಳು. ಬಹಳ ಹೊತ್ತು ಒಲೆಯನ್ನೇ ನೋಡಿದಳು.

"ನಾಳೆ ಒಲೆ ಆರಿಸ್ತೀನಿ," ಎಂದಳು.

ಲಿಸಾಂದ್ರೊ ಮಷಿನ್ ಕೆಳಗಿಟ್ಟ. ಒಲೆಯನ್ನು ಹೇಗೂ ಶನಿವಾರ ಹೊರಗೆ ತೆಗೆಯಲೇಬೇಕಿತ್ತು, ಅಷ್ಟು ಭಾರ ಹೊತ್ತು ಮನೆ ಏರು ಹತ್ತುವುದಿಲ್ಲ. ಆದರೆ ಕೆಂಡ ಕೆಂಡವಾಗಿಯೇ ಹೊರಟು, ಮೇಲಿನ ಹೊಲದಲ್ಲಿ ಅದೇ ಬೆಂಕಿ ಮುಂದುವರಿಯುತ್ತದೆಂದು ಎಲ್ಲರೂ ತಿಳಿದಿದ್ದರು. ಒಂದು ಹಗಲು, ಒಂದು ರಾತ್ರಿ ಕಾರ್ಕಮೊ ಮನೆಯ ಒಲೆ ತಣ್ಣಗಿರುತ್ತದೆಂದು ಕೇಳಿ ಸುನಿಲ್ದಾ ಶಿಲುಬೆಯ ಗುರುತು ಮಾಡಿಕೊಂಡಳು.

ಶುಕ್ರವಾರ ಬೆಳಿಗ್ಗೆ ಎದೂಲಿಯಾ ದೊಡ್ಡ ಕೆಟಲಿನ ತುಂಬ ನೀರು ಕುದಿಸಿದಳು. ಆ ಬೆಂಕಿಯ ಕೊನೆಯ ಕೆಲಸ ಅದು. ಕೆಂಡಗಳನ್ನೆಲ್ಲ ಕಬ್ಬಿಣದ ಮಡಕೆಗೆ ತೋಡಿ ಸುನಿಲ್ದಾಳ ಕೈಗೆ ಕೊಟ್ಟಳು.

"ಇದು ಅಮ್ಮಂದು. ನಿನ್ನ ಒಲೇಲಿ ಇಟ್ಕೋ. ನಾಳೆ ವಾಪಸ್ ತಗೋತೀನಿ. ಆರಿಸಿದ್ರೆ ನೋಡು."

"ಆರಿಸಲ್ವೇ. ಕೂಸಿನ ಥರಾ ನೋಡ್ಕೋತೀನಿ."

ಉಳಿದ ಬೂದಿಯನ್ನು ಅಂಗಳಕ್ಕೆ ಒಯ್ದು ನೀರು ಹೊಯ್ದಳು. ಒಳಗೆ ಕಿಡಿ ಇಲ್ಲವೆಂದು ಕೈಯಾಡಿಸಿ ನೋಡಿದಳು. ಆಮೇಲೆ ದಪ್ಪ ಬಟ್ಟೆಯನ್ನು ಕುದಿನೀರಿನಲ್ಲಿ ಅದ್ದಿ ಕೀಲಿಗೆ ಸುತ್ತಿದಳು. ಕಬ್ಬಿಣ ಕಾದು ಹಿಗ್ಗಿತು. ಬಟ್ಟೆ ಬಿಚ್ಚಿ, ಒರೆಸಿ, ಕೆಂಪು ಕೊಳವೆಯನ್ನು ಕಡ್ಡಿಯ ತಲೆಗೆ ಇಟ್ಟು ಒತ್ತಿದಳು. ಮತ್ತೆ ಬಿಸಿ ಬಟ್ಟೆ, ಮತ್ತೆ ಎಣ್ಣೆ. ನೀರು ತಣ್ಣಗಾಗುವವರೆಗೂ ಇದೇ ಕೆಲಸ. ಸುತ್ತಿಗೆ ಮುಟ್ಟಲಿಲ್ಲ. ಸಂಜೆ ಕೀಲಿನ ಕೆಳಗಿನ ಅಂಚಿನಲ್ಲಿ ಕಂದು ಬಣ್ಣದ ಹನಿಯೊಂದು ಮೂಡಿತ್ತು. ಮೇಲೆ ಬಿಟ್ಟ ಎಣ್ಣೆ ತುಕ್ಕನ್ನು ತೊಳೆದುಕೊಂಡು ಕೆಳಗೆ ಬಂದಿತ್ತು. ಅವಳು ಅದನ್ನು ಬೆರಳಿಂದ ಮುಟ್ಟಿ ಮೂಸಿ ನೋಡಿದಳು.

ಕೋಟು, ಶಾಲು, ಅಣ್ಣನ ಹಳೆಯ ಟೋಪಿ ಎಲ್ಲ ಹಾಕಿಕೊಂಡು ಆ ತಣ್ಣನೆಯ ಅಡುಗೆಮನೆಯಲ್ಲೇ ಮಲಗಿದಳು. ಸುನಿಲ್ದಾ ತನ್ನ ಮನೆಗೆ ಕರೆದಳು. ಹೋಗಲಿಲ್ಲ.

ಶನಿವಾರ ಬೆಳಗಾದಾಗ ಅಂಗಳದಲ್ಲಿ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಭೂಕಂಪದ ನಂತರ ಆ ಕೀಲು ಅಷ್ಟು ತಣ್ಣಗಾಗಿದ್ದಿಲ್ಲ. ಎದೂಲಿಯಾ ಸುತ್ತಿಗೆಯ ಮರದ ಹಿಡಿಯಿಂದ ಒಮ್ಮೆ ತಟ್ಟಿದಳು. ಟಕ್ ಎಂದಿತು. ಕಬ್ಬಿಣದ ಒಳಗಿನಿಂದ ಬಂದ ಸದ್ದು. ಮತ್ತೊಮ್ಮೆ ತಟ್ಟಿದಳು. ಕಡ್ಡಿ ಕೂದಲೆಳೆಯಷ್ಟು ಮೇಲೆದ್ದಿತು. ಆಮೇಲೆ ಅವಸರ ಮಾಡಲಿಲ್ಲ. ಒಂದು ಹನಿ, ಒಂದು ತಟ್ಟು. ಎತ್ತುಗಳ ಗಂಟೆ ದಾರಿಯಲ್ಲಿ ಕೇಳಿಸುವ ಹೊತ್ತಿಗೆ ಕಡ್ಡಿ ಇಡಿಯಾಗಿ ಅವಳ ಅಂಗೈಯಲ್ಲಿತ್ತು.

ದೋನ್ ಆರ್ಸೆನಿಯೊ ಬಂದಾಗ ಬಾಗಿಲು ಸೇಬಿನ ಮರಕ್ಕೆ ಒರಗಿ ನಿಂತಿತ್ತು. ಅವನು ಕೀಲನ್ನು ಮುಟ್ಟಿ ನೋಡಿದ.

"ನನ್ನ ಮಂಡಿಗೆ ಇಲ್ಲ ಅಂದ್ಯಲ್ಲ," ಎಂದು ಗೊಣಗಿ, ಎತ್ತು ಕಟ್ಟಲು ಹೇಳಿದ.

ಮನೆ ಹೊರಟಿತು. ಹಗ್ಗ ಬಿಗಿಯಿತು, ಎತ್ತುಗಳು ಮಂಡಿ ಬಗ್ಗಿಸಿದವು, ಗಂಡಸರೂ ಹೆಂಗಸರೂ ಹಿಂದಿನಿಂದ ಭುಜ ಕೊಟ್ಟರು, ಕಿಟಕಿಯಿಲ್ಲದ ಮನೆ ನಿದ್ದೆಯಿಂದ ಎದ್ದವರ ಹಾಗೆ ನರಳಿ, ತಿರುಚಿ, ಏರು ಹತ್ತಿತು. ಎದೂಲಿಯಾ ಮುಂದೆ ಮುಂದೆ ನಡೆದಳು, ಕಡ್ಡಿಗಳೆರಡನ್ನೂ ಜೇಬಿನಲ್ಲಿಟ್ಟುಕೊಂಡು. ಮಧ್ಯಾಹ್ನಕ್ಕೆ ಮನೆ ಮೇಲಿನ ಹೊಲದಲ್ಲಿ ಕುಳಿತಿತು. ಒಲೆ ಒಳಗೆ ಬಂತು. ಸುನಿಲ್ದಾ ಮಡಕೆ ತಂದಳು. ಕೆಂಡ ಇನ್ನೂ ಕೆಂಪಗಿತ್ತು. ಊರಿನವರೆಲ್ಲ ಆಲೂಗಡ್ಡೆ ರೊಟ್ಟಿಗೂ ಮಾಂಸಕ್ಕೂ ಚಿಚಾ ಎಂಬ ಸೇಬಿನ ಮದ್ಯಕ್ಕೂ ಮುಗಿಬಿದ್ದರು.

ಎದೂಲಿಯಾ ಮಾತ್ರ ಬಾಗಿಲು ತಂದು ಚೌಕಟ್ಟಿನ ಮುಂದೆ ನಿಲ್ಲಿಸಿದಳು. ಕೆಳಗೆ ಸೌದೆಯ ತುಂಡು ಕೊಟ್ಟು, ಅದರ ಮೇಲೆ ಗುದ್ದಲಿಯ ಹಿಡಿ ಇಟ್ಟು, ಪಾದದಿಂದ ಒತ್ತಿ ಬಾಗಿಲನ್ನು ಬೆರಳಷ್ಟು ಬೆರಳಷ್ಟೇ ಎತ್ತತೊಡಗಿದಳು. ಆಲೆರ್ಸೆಯ ಬಾಗಿಲು, ಹಗುರವಲ್ಲ. ಮೊದಲ ಸಲ ಜಾರಿತು. ಎರಡನೆಯ ಸಲವೂ ಜಾರಿತು. ಲಿಸಾಂದ್ರೊ ತಟ್ಟೆ ಕೆಳಗಿಟ್ಟು ಓಡಿಬಂದ. ಹಿಂದೆ ಇನ್ನಿಬ್ಬರು ಗಂಡಸರು.

"ಅತ್ತೇ ಬಿಡು, ಮೂರು ಜನ ಎತ್ತಿದ್ರೆ ಚಿಟಿಕೆಯಲ್ಲಿ ಆಗತ್ತೆ!"

ಎದೂಲಿಯಾ ತಿರುಗಿ ನೋಡಲಿಲ್ಲ. ಭುಜ ಬಾಗಿಲಿಗೆ ಕೊಟ್ಟು, ಪಾದ ಹಿಡಿಯ ಮೇಲೆ ಊರಿ, ಒಂದು ಕಡ್ಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಅದನ್ನು ತೆಗೆದು ಹೇಳಿದಳು:

"ಮನೆ ಎಳೀರಿ ಅಂತ ಕರೆದೆ, ಎಳೆದ್ರಿ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ. ಬಾಗಿಲು ಹಾಕೋಕೆ ನಾನು ಯಾರನ್ನೂ ಕರೀಲಿಲ್ಲ. ಕೈ ತೆಗಿ ಲಿಸಾಂದ್ರೊ. ಹೋಗಿ ಊಟ ಮಾಡು, ಆರಿಹೋಗತ್ತೆ."