ಮಗ್ಗ ನಿಂತಾಗಿನ ಎಚ್ಚರ

ಕೊಲ್ಲಿ ನಾಡಿನ ಅಬು ಹಲೀಫಾದ ಒಂದು ಕೋಣೆಯಲ್ಲಿ, ಬೆಳಗಿನ ಎಂಟಕ್ಕೆ ಪರದೆ ಎಳೆದು ಮಲಗುವ ಮನುಷ್ಯ ಮಲಕಾಜಪ್ಪ. ಹತ್ತೊಂಬತ್ತು ವರ್ಷದಿಂದ ರಾತ್ರಿ ಪಾಳಿಯಲ್ಲಿ ಕ್ರೇನ್ ನಡೆಸುತ್ತಾನೆ. ಊರಿಗೆಲ್ಲ ಹಗಲಾದರೆ ಅವನಿಗೆ ಇರುಳು. ದಿಂಬಿನ ಪಕ್ಕ ಫೋನು, ಅದರೊಳಗೆ ಲಟಕ್ ಪಟಕ್ ಎಂಬ ಸದ್ದು. ಅತ್ತ ಗುಳೇದಗುಡ್ಡದಲ್ಲಿ ಹೆಂಡತಿ ಹೊನ್ನವ್ವ ತನ್ನ ಫೋನನ್ನು ಮಗ್ಗದ ಕಂಬಕ್ಕೆ ಕಟ್ಟಿಕೊಂಡು ಕುಪ್ಪಸದ ಖಣ ನೇಯುತ್ತಿರುತ್ತಾಳೆ. ಇಬ್ಬರಿಗೂ ಮಾತು ಬೇಕಿಲ್ಲ. ಲಾಳಿ ನಾಲ್ಕು ಸಲ ಅತ್ತಿತ್ತ ಓಡಾಡುವಷ್ಟರಲ್ಲಿ ಅವನು ಸಮುದ್ರ ದಾಟಿ, ಮಗ್ಗದ ಪಕ್ಕದ ತಂಪು ನೆಲದ ಮೇಲೆ ಮೈ ಚಾಚಿರುತ್ತಾನೆ. ನೂಲಿನ ಗಂಜಿಯ ವಾಸನೆ ಕೂಡ ಮೂಗಿಗೆ ಬರುತ್ತಿತ್ತಂತೆ.

ಒಂದು ವರ್ಷದಿಂದ ಆ ನಿದ್ದೆ ತೂತು ಬಿದ್ದ ಕೊಡದಂತಾಗಿತ್ತು. ತಾಸಿಗೆ ಹತ್ತು ಸಲ ದಡಬಡಿಸಿ ಏಳುವುದು. ಎದ್ದಾಗೆಲ್ಲ ಫೋನಿನೊಳಗೆ ಮಗ್ಗದ ಸದ್ದೇ ಇಲ್ಲ.

“ಯಾಕ ನಿಂದ್ರಸ್ತಿ? ನಿನ್ನ ಕೈ ನಿಂತ್ರ ನನ್ನ ನಿದ್ದಿ ಹಾರ್ತದ.”

“ಎಳಿ ಹರದಿತ್ತರೀ. ಮಲಗ್ರಿ.”

“ಎಂಥಾ ನೂಲು ತಂದೀಯೋ ಮಾರಾಯ್ತಿ, ಬರೇ ಹರಿಯೂದ ಆತು.”

ಒಂದು ರಾತ್ರಿ ಕಬ್ಬಿಣದ ತೊಲೆ ಗಾಳಿಯಲ್ಲಿ ತೂಗುತ್ತಿರುವಾಗಲೇ ಅವನಿಗೆ ಜೊಂಪು ಹತ್ತಿತು. ಕೆಳಗಿನವರು ಕೂಗಿ ಎಬ್ಬಿಸಿದರು. ಇನ್ನೊಮ್ಮೆ ಕಣ್ಣು ಮುಚ್ಚಿದರೆ ಖಲಾಸ್, ಉಗ್ರಾಣದ ಕಸ ಹೊಡೆಯಲು ಹಾಕುತ್ತೇನೆ ಎಂದ ಮೇಲಧಿಕಾರಿ. ಕ್ರೇನಿನ ಆ ಗೂಡು ಮಲಕಾಜಪ್ಪನಿಗೆ ಸಿಂಹಾಸನ.

ಆ ದೇಶದಲ್ಲೇ, ರಿಗ್ಗೈ ಎಂಬಲ್ಲಿ, ಅವನ ಊರಿನ ಕಡೆಯ ಎಂಜಿನಿಯರ್ ಒಬ್ಬರ ಮಗಳಿದ್ದಳು, ಸ್ನೇಹಾ, ಮೆಡಿಕಲ್ ಓದುವವಳು. ವರ್ಷಗಟ್ಟಲೆ ಓದಿದರೂ ನಿದ್ದೆಯ ಬಗ್ಗೆ ಎರಡೇ ಪಾಠ ಎಂದು ಸಿಟ್ಟಾಗಿ, ಅವಳೂ ಅವಳ ಗೆಳತಿ ಆಶ್ಲಿಯೂ ಸೇರಿ ಎಂಟು ವಿದ್ಯಾರ್ಥಿಗಳ ನಿದ್ದೆಯ ಕೂಟ ಕಟ್ಟಿದ್ದರು. ಶುಕ್ರವಾರ ಮಧ್ಯಾಹ್ನ ಒಬ್ಬರು ಓದಿಕೊಂಡು ಬಂದು ಉಳಿದವರಿಗೆ ಕಲಿಸುವುದು. ಪಾಳಿಯ ಕೆಲಸದವರನ್ನು ಕರೆದು, ನಿದ್ದೆಯ ಬಗ್ಗೆ ಕೇಳುವುದನ್ನು ರೂಢಿ ಮಾಡಿಕೊಳ್ಳುವುದು. ಮಾತ್ರೆ ಸಿಕ್ಕೀತೆಂದು ಮಲಕಾಜಪ್ಪ ಹೋದ.

“ನಂದೇನ ತಪ್ಪಿಲ್ಲವ್ವ. ಹೆಂಡ್ತಿ ಮಗ್ಗ ನಿಂದ್ರಸ್ತಾಳ, ನನಗ ಎಚ್ಚರಾಗ್ತದ.”

ಆಶ್ಲಿ ಕೈಯಲ್ಲಿದ್ದ ಹಾಳೆ ನೋಡಿದಳು. “ನೆಕ್ಸ್ಟ್ ಕ್ವೆಶ್ಚನ್, ಅಂಕಲ್. ಪಕ್ಕದಲ್ಲಿ ಮಲಗುವವರು ಏನು ಹೇಳ್ತಾರೆ?”

“ಪಕ್ಕದಾಗ ಗ್ವಾಡಿ ಐತಿ. ಅದು ಇನ್ನೂ ಏನೂ ಹೇಳಿಲ್ಲ.”

ಎಲ್ಲರೂ ನಕ್ಕರು. ಸ್ನೇಹಾ ನಗಲಿಲ್ಲ. “ಕಾಕಾ, ಫೋನ್ ಆನ್ ಇರುತ್ತಲ್ಲ? ಹಾಗಾದ್ರೆ ಕಾಕು ಪಕ್ಕದಲ್ಲೇ ಇದ್ದ ಹಾಗೆ. ಅವರನ್ನೇ ಕೇಳೋಣ.”

ಕರೆ ಹೋಯಿತು. ಹೊನ್ನವ್ವ ಮೊದಲು ಹಿಂದೆಮುಂದೆ ನೋಡಿದಳು. ಆಮೇಲೆ ಮೆಲ್ಲಗೆ ಬಿಚ್ಚಿದಳು.

“ಗೊರಕಿ ಹೊಡೀತಿರ್ತಾರ ತಂಗಿ. ಒಮ್ಮಿಂದೊಮ್ಮೆ ನಿಲ್ತದ. ಉಸರ ಕೇಳ್ಸೂದಿಲ್ಲ. ನನ್ನ ಕೈ ತಾನ ನಿಲ್ತದ. ಎಣಸ್ಕೋತ ಕುಂದರ್ತೀನಿ, ಹತ್ತು, ಇಪ್ಪತ್ತು... ಆಮ್ಯಾಲೆ ಗಕ್ಕನ ಉಸರ ಎಳದು ಏಳ್ತಾರ, ನನ್ನ ಬೈತಾರ. ಬೈಗಳ ಕಿವಿಗೆ ಬಿದ್ದ ಮ್ಯಾಲೆ ನನಗ ಜೀವ ಬರ್ತದ.”

“ಮತ್ತ ಎಳಿ ಹರದಿತ್ತಂತಿದ್ದಿ?” ಎಂದ ಮಲಕಾಜಪ್ಪ.

“ಒಂದೂ ಹರದಿಲ್ರೀ. ಅಷ್ಟ ದೂರ ಇದ್ದವರಿಗೆ ಹೇಳಿ ಯಾಕ ಅಂಜಸ್ಲಿ?”

ಸ್ನೇಹಾ ಹಲಗೆಯ ಮೇಲೆ ಬರೆದಳು: ಮೊದಲು ಉಸಿರು ನಿಲ್ಲುತ್ತದೆ, ಆಮೇಲೆ ಮಗ್ಗ, ಕೊನೆಗೆ ಎಚ್ಚರ. ಮಲಕಾಜಪ್ಪ ಆ ಮೂರನ್ನೂ ಬೆರಳು ಮಡಚಿ ಎಣಿಸಿ, ಮಾತ್ರೆ ಕೇಳಿದ.

“ನಾವಿನ್ನೂ ಡಾಕ್ಟರಲ್ಲ ಕಾಕಾ, ಮಾತ್ರೆ ಕೊಡೋ ಹಾಗಿಲ್ಲ. ನಮ್ಮ ಡಾಕ್ಟರ್ ಮೇಡಂ ಹತ್ರ ಕರ್ಕೊಂಡು ಹೋಗ್ತೀವಿ. ಅಲ್ಲಿವರೆಗೂ ಕ್ರೇನ್ ಹತ್ತಬೇಡಿ.”

ಅವನ ಮುಖ ಸಣ್ಣದಾಯಿತು. ಆದರೂ ಮರುದಿನ ತಾನೇ ಹೋಗಿ, ಪರೀಕ್ಷೆ ಮುಗಿಯುವವರೆಗೆ ಕೆಳಗಿನ ಕೆಲಸ ಕೊಡಿ ಎಂದು ಕೇಳಿದ. ಒಂದೂವರೆ ತಿಂಗಳು ಉಗ್ರಾಣದ ಕಸ ಹೊಡೆದ. ಮಲಗಿದಾಗ ಗಂಟಲು ಮುಚ್ಚಿ ಉಸಿರು ಕಟ್ಟುತ್ತದೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಮೂಗಿಗೆ ಗಾಳಿ ಊದುವ ಯಂತ್ರ ಬಂತು. ದಿನ ಕಳೆದಂತೆ ನಿದ್ದೆ ಕೂಡಿಕೊಂಡಿತು. ಮತ್ತೆ ಕ್ರೇನ್ ಹತ್ತಬಹುದೆಂದು ಡಾಕ್ಟರು ಬರೆದುಕೊಟ್ಟರು.

ಹತ್ತಬೇಕಾದ ದಿನ ಅವನು ಎದ್ದಾಗ ಇಳಿಬಿಸಿಲು ಪರದೆಯ ಅಂಚಿನಲ್ಲಿತ್ತು. ಫೋನಿನೊಳಗೆ ಮಗ್ಗದ ಸದ್ದಿರಲಿಲ್ಲ. ಎದೆ ಝಲ್ಲೆಂದಿತು.

“ಹೊನ್ನೀ, ಮತ್ತ ಉಸರ ನಿಂತಿತ್ತೇನ?”

“ಇಲ್ರೀ. ಖಣ ಮುಗೀತು, ಮಗ್ಗ ಬಿಟ್ಟು ಎದ್ದೆ.”

“ಯಾವಾಗ?”

“ಎರಡು ತಾಸಾತು. ನೀವು ಹಂಗ ಮಲಗಿದ್ರಿ. ಸುಮ್ನ ಕುಂತು ನಿಮ್ಮ ಉಸರ ಕೇಳಿದೆ.”